ಬೆಳೆ ಸಮೀಕ್ಷೆ: ಜಮೀನಿನಲ್ಲಿರುವ ಬೆಳೆಯ ವಿವರಗಳನ್ನು ಮೊಬೈಲ್ ತಂತ್ರಾಂಶದ ಮೂಲಕ ದಾಖಲಿಸುವ ಕುರಿತು ರೈತರಿಗೆ ಮಾಹಿತಿ

ಪೀಠಿಕೆ

ಆರ್.ಟಿ.ಸಿ. ಅಥವಾ ಪಹಣಿ ಎಂದು ಕರೆಯಲ್ಪಡುವ ದಾಖಲೆಯಲ್ಲಿ ಹಕ್ಕು, ಗೇಣಿ ಮತ್ತು ಬೆಳೆ ಎಂಬ ಮೂರು ಸಂಗತಿಗಳು ಅಡಕವಾಗಿವೆ. ಇವುಗಳ ಪೈಕಿ ಹಕ್ಕಿನ ವಿವರವು ಕ್ರಯ, ವಿಭಾಗ, ಪೌತಿ ಮುಂತಾದ ಸಂದರ್ಭಗಳಲ್ಲಿ ಮಾತ್ರ ಬದಲಾಗುತ್ತದೆ. ಹಲವು ಜಮೀನುಗಳಲ್ಲಿ ಇಂತಹ ಬದಲಾವಣೆ ಒಂದು ತಲೆಮಾರಿಗೆ ಒಮ್ಮೆ ಬರುತ್ತದೆ. ಬೆಳೆಯ ವಿವರವಾದರೋ ಮುಂಗಾರು, ಹಿಂಗಾರು ಮತ್ತು ಬೇಸಿಗೆ ಎಂದು ವರ್ಷಕ್ಕೆ ಮೂರು ಬಾರಿ ಬದಲಾಗಬಹುದು. ಆದರೂ ರೈತರು ಪಹಣಿ ಪಡೆದಾಗ ಮೊದಲು ಪರಿಶೀಲಿಸುವುದು ಮಾಲೀಕರ ಹೆಸರು ಮತ್ತು ಋಣಭಾರದ ಅಂಕಣಗಳನ್ನು. ಬೆಳೆಯ ಅಂಕಣವನ್ನು ಓದಿ ನೋಡುವವರು ಕಡಿಮೆ. ವಿಮೆಯ ಕ್ಲೇಮು ತಿರಸ್ಕೃತವಾದಾಗ ಅಥವಾ ಪರಿಹಾರದ ಪಟ್ಟಿಯಲ್ಲಿ ಹೆಸರು ಕಾಣದಿದ್ದಾಗ ಆ ಅಂಕಣದ ನೆನಪಾಗುತ್ತದೆ. ಅಷ್ಟರಲ್ಲಿ ಬೆಳೆ ಕಟಾವಾಗಿ ಹೊಲ ಖಾಲಿಯಾಗಿರುತ್ತದೆ.

ಸದರಿ ವಿವರವನ್ನು ರೈತರು ತಮ್ಮ ಮೊಬೈಲ್ ಮೂಲಕ ತಾವೇ ದಾಖಲಿಸುವ ವ್ಯವಸ್ಥೆಯು ರಾಜ್ಯದಲ್ಲಿ 2020ರ ಮುಂಗಾರು ಹಂಗಾಮಿನಿಂದ ಜಾರಿಯಲ್ಲಿದೆ. ಈ ಪುಟದಲ್ಲಿ ಯಾವ ವಿವರವನ್ನು ಹೇಗೆ ದಾಖಲಿಸಬೇಕು, ಎಲ್ಲಿ ತಪ್ಪು ಸಂಭವಿಸುತ್ತದೆ ಮತ್ತು ತಪ್ಪಾದಲ್ಲಿ ಯಾವ ಹಂತದಲ್ಲಿ ಸರಿಪಡಿಸಿಕೊಳ್ಳಬೇಕು ಎಂಬುದನ್ನು ವಿವರಿಸಲಾಗಿದೆ.

ಹಿನ್ನೆಲೆ

ಹಿಂದೆ ಗ್ರಾಮ ಲೆಕ್ಕಾಧಿಕಾರಿಗಳು ಹಂಗಾಮಿನಲ್ಲಿ ಹೊಲಗಳಿಗೆ ಭೇಟಿ ನೀಡಿ ಬೆಳೆಯನ್ನು ಪಹಣಿಯಲ್ಲಿ ಕೈಬರಹದಲ್ಲಿ ನಮೂದಿಸುತ್ತಿದ್ದರು. 2000ರ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡವು ಹಾಗೂ ಕೈಬರಹದ ಪಹಣಿಗಳ ಬಳಕೆ ನಿಂತಿತು. ಇದರಿಂದ ಹಕ್ಕಿನ ವಿವರಕ್ಕೆ ಭದ್ರತೆ ಒದಗಿತು. ಬೆಳೆಯ ವಿವರಕ್ಕೆ ಅದೇ ಪ್ರಮಾಣದ ಪ್ರಯೋಜನ ದೊರೆಯಲಿಲ್ಲ. ಹಲವು ಗ್ರಾಮಗಳ ಹೊಣೆ ಹೊತ್ತ ಒಬ್ಬ ನೌಕರನು ಸಾವಿರಾರು ತಾಕುಗಳನ್ನು ಬಿತ್ತನೆಯ ನಂತರದ ಕೆಲವೇ ವಾರಗಳಲ್ಲಿ ಖುದ್ದು ನೋಡುವುದು ಕಾರ್ಯಸಾಧ್ಯವಲ್ಲ. ಆದ್ದರಿಂದ ಹಿಂದಿನ ವರ್ಷದ ಬೆಳೆಯೇ ಮುಂದಿನ ವರ್ಷಕ್ಕೂ ಮುಂದುವರಿದ ಪ್ರಕರಣಗಳು ಕಂಡುಬರುತ್ತಿದ್ದವು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ದಾಸ್ತಾನನ್ನು ಎಣಿಸದೆ ಹಿಂದಿನ ವರ್ಷದ ಆಖೈರು ಶಿಲ್ಕನ್ನೇ ಮುಂದಕ್ಕೆ ಒಯ್ದಂತೆ.

ಈಗಿನ ವ್ಯವಸ್ಥೆಯಲ್ಲಿ ಪ್ರತಿ ಸರ್ವೆ ನಂಬರು ಮತ್ತು ಹಿಸ್ಸಾಕ್ಕೆ ಪ್ರತ್ಯೇಕವಾಗಿ, ಜಮೀನಿನಲ್ಲಿ ನಿಂತು ತೆಗೆದ ಛಾಯಾಚಿತ್ರದೊಂದಿಗೆ, ಬೆಳೆಯ ವಿವರ ದಾಖಲಾಗುತ್ತದೆ. ಕೇಂದ್ರ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಅನುಮೋದಿಸಿದ ಡಿಜಿಟಲ್ ಕೃಷಿ ಮಿಷನ್ ಅಡಿಯಲ್ಲಿಯೂ ಇದೇ ಮಾದರಿಯ ಡಿಜಿಟಲ್ ಬೆಳೆ ಸಮೀಕ್ಷೆ ಸೇರಿದೆ.

ಈ ವಿವರವು ಎಲ್ಲೆಲ್ಲಿ ಬಳಕೆಯಾಗುತ್ತದೆ

ಬೆಳೆ ಹಾನಿಗೆ ಇನ್‌ಪುಟ್ ಸಬ್ಸಿಡಿ ನೀಡುವಾಗ, ಬೆಳೆ ವಿಮೆಯ ಕ್ಲೇಮು ಇತ್ಯರ್ಥಪಡಿಸುವಾಗ ಹಾಗೂ ಕನಿಷ್ಠ ಬೆಂಬಲ ಬೆಲೆಯಲ್ಲಿ ಉತ್ಪನ್ನ ಖರೀದಿಸುವಾಗ ಸಮೀಕ್ಷೆಯ ದತ್ತಾಂಶವನ್ನು ಪರಿಶೀಲಿಸಲಾಗುತ್ತದೆ. ರೈತರ ಗುರುತಿಗೆ ಫ್ರೂಟ್ಸ್ ತಂತ್ರಾಂಶದ ಎಫ್.ಐ.ಡಿ. ಸಂಖ್ಯೆಯೂ, ಅವರ ಹೊಲದಲ್ಲಿದ್ದ ಬೆಳೆಗೆ ಸಮೀಕ್ಷೆಯ ನಮೂದೂ ಆಧಾರ. ಅರ್ಜಿಯಲ್ಲಿ ರೈತರು ಏನೇ ಬರೆದಿದ್ದರೂ ತಂತ್ರಾಂಶವು ಈ ಎರಡನ್ನು ಜೋಡಿಸಿ ನೋಡುತ್ತದೆ.

ಇದರ ಹಣಕಾಸಿನ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ವಿಪತ್ತು ಪರಿಹಾರ ನಿಧಿಯ ಮಾನದಂಡಗಳ ಪ್ರಕಾರ 2022-23ರಿಂದ 2025-26ರವರೆಗಿನ ಅವಧಿಗೆ, ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದ ಬೆಳೆಗೆ ಹೆಕ್ಟೇರಿಗೆ ಮಳೆಯಾಶ್ರಿತವಾದಲ್ಲಿ ರೂ. 8,500, ಖಚಿತ ನೀರಾವರಿಯಾದಲ್ಲಿ ರೂ. 17,000 ಮತ್ತು ಬಹುವಾರ್ಷಿಕ ಬೆಳೆಯಾದಲ್ಲಿ ರೂ. 22,500 ನಿಗದಿಯಾಗಿತ್ತು, ಗರಿಷ್ಠ ಮಿತಿ 2 ಹೆಕ್ಟೇರ್. ಒಂದು ಹೆಕ್ಟೇರಿಗೆ 2.47 ಎಕರೆಯಂತೆ ಲೆಕ್ಕ ಹಾಕಿದರೆ ಎಕರೆಗೆ ಕ್ರಮವಾಗಿ ಸುಮಾರು ರೂ. 3,440, ರೂ. 6,880 ಮತ್ತು ರೂ. 9,100 ಆಗುತ್ತದೆ. ಕಾಲುವೆ ನೀರಿನಲ್ಲಿ ಬೆಳೆದ ಭತ್ತಕ್ಕೆ 'ಮಳೆಯಾಶ್ರಿತ' ಎಂಬ ಒಂದು ಪದ ತಪ್ಪಾಗಿ ಆಯ್ಕೆಯಾದರೆ ಅರ್ಧದಷ್ಟು ಮೊತ್ತ ಕೈತಪ್ಪುತ್ತದೆ. ಹೊಲದಲ್ಲಿ ಬೆಳೆಯೇ ಇಲ್ಲವೆಂದು ದಾಖಲಾದರೆ ಪೂರ್ಣ ಮೊತ್ತ ಕೈತಪ್ಪುತ್ತದೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ ನಂತರ ಪರಿಹಾರವನ್ನು ಎಫ್.ಐ.ಡಿ. ಆಧಾರದಲ್ಲಿ ನೇರವಾಗಿ ಬ್ಯಾಂಕ್ ಖಾತೆಗೆ ಜಮೆ ಮಾಡಲಾಯಿತು. ದಾಖಲೆ ಸರಿಯಿದ್ದವರು ಕಚೇರಿಗೆ ಅಲೆಯಬೇಕಾಗಿ ಬರಲಿಲ್ಲ ಎಂಬುದೇ ಈ ಪದ್ಧತಿಯ ಮುಖ್ಯ ಅನುಕೂಲ.

ದಾಖಲಿಸುವ ವಿಧಾನ

ಪ್ರತಿ ವರ್ಷ ಹಾಗೂ ಹಂಗಾಮಿಗೆ ಬೆಳೆ ಸಮೀಕ್ಷೆ ಆ್ಯಪ್‌ನ ಹೊಸ ಆವೃತ್ತಿ ಬಿಡುಗಡೆಯಾಗುತ್ತದೆ. ಹಿಂದಿನ ಹಂಗಾಮಿನ ಆವೃತ್ತಿಯನ್ನು ತೆಗೆದುಹಾಕಿ ಪ್ಲೇ ಸ್ಟೋರ್‌ನಿಂದ ಪ್ರಸಕ್ತ ಹಂಗಾಮಿನದನ್ನು ಅಳವಡಿಸಿಕೊಳ್ಳುವುದು. ಮೊಬೈಲ್ ಸಂಖ್ಯೆಗೆ ಬರುವ ಒ.ಟಿ.ಪಿ. ನಮೂದಿಸಿದ ನಂತರ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಮತ್ತು ಸರ್ವೆ ನಂಬರನ್ನು ಆಯ್ಕೆ ಮಾಡಿದರೆ ಆ ತಾಕಿನ ಮಾಲೀಕರ ಹೆಸರು, ವಿಸ್ತೀರ್ಣ ಹಾಗೂ ನಕ್ಷೆ ದೊರೆಯುತ್ತದೆ. ಈ ಕೆಲಸವನ್ನು ನೆಟ್‌ವರ್ಕ್ ಇರುವ ಸ್ಥಳದಲ್ಲಿ, ಅಂದರೆ ಮನೆಯಲ್ಲಿಯೇ ಮುಗಿಸಿಕೊಂಡು ಹೊಲಕ್ಕೆ ತೆರಳುವುದು ಸೂಕ್ತ. ಹೊಲದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ವಿವರ ಮತ್ತು ಛಾಯಾಚಿತ್ರ ಮೊಬೈಲ್‌ನಲ್ಲಿ ಉಳಿಯುತ್ತವೆ. ಹಿಂದಿರುಗಿದ ಮೇಲೆ ಅಪ್‌ಲೋಡ್ ಮಾಡಬಹುದು. ಅಪ್‌ಲೋಡ್ ಆಗುವವರೆಗೆ ಸಮೀಕ್ಷೆ ಪೂರ್ಣಗೊಂಡಿಲ್ಲ ಎಂಬುದನ್ನು ಮರೆಯಬಾರದು. 'ಉಳಿಸಿ' ಎಂಬುದನ್ನು ಒತ್ತಿ ಕೆಲಸ ಮುಗಿಯಿತೆಂದು ಮೊಬೈಲ್ ಬದಿಗಿಟ್ಟರೆ ಆ ವಿವರ ಇಲಾಖೆಯನ್ನು ತಲುಪಿರುವುದಿಲ್ಲ.

ತಂತ್ರಾಂಶವು ಮೊಬೈಲ್‌ನ ಜಿ.ಪಿ.ಎಸ್. ಮೂಲಕ ರೈತರು ನಿಂತಿರುವ ಸ್ಥಳವನ್ನು ತಾಕಿನ ನಕ್ಷೆಯೊಂದಿಗೆ ಹೋಲಿಸಿ ನೋಡುತ್ತದೆ. ಸಾಮಾನ್ಯ ಮೊಬೈಲ್‌ನ ಜಿ.ಪಿ.ಎಸ್. ಕೆಲವು ಮೀಟರುಗಳಷ್ಟು ವ್ಯತ್ಯಾಸ ತೋರಿಸುವುದು ಸಹಜ. ಆದ್ದರಿಂದ ಬದುವಿನ ಮೇಲೆ ನಿಂತು ಚಿತ್ರ ತೆಗೆಯಬಾರದು; ಪಕ್ಕದ ಹಿಸ್ಸಾದಲ್ಲಿ ನಿಂತಂತೆ ದಾಖಲಾಗುವ ಸಂಭವವಿದೆ. ಹೊಲದ ನಡುಭಾಗಕ್ಕೆ ಹೋಗಿ ಒಂದೆರಡು ನಿಮಿಷ ಕಾದು ಸ್ಥಳ ಸೂಚಕ ಸ್ಥಿರಗೊಂಡ ನಂತರ ಮುಂದುವರಿಯುವುದು. ಮಲೆನಾಡಿನ ದಟ್ಟ ಅಡಿಕೆ ತೋಟಗಳಲ್ಲಿ ಮರಗಳ ಮರೆಯಿಂದ ಉಪಗ್ರಹದ ಸಂಕೇತ ದುರ್ಬಲವಾಗಿರುವುದರಿಂದ ತೋಟದೊಳಗೆ ಆಕಾಶ ಕಾಣುವ ತೆರಪನ್ನು ಆರಿಸಿಕೊಳ್ಳಬೇಕು.

ಛಾಯಾಚಿತ್ರದಲ್ಲಿ ಬೆಳೆಯನ್ನು ಗುರುತಿಸುವಂತಿರಬೇಕು. ಬಿತ್ತಿದ ವಾರದಲ್ಲಿಯೇ ತೆಗೆದ ಚಿತ್ರದಲ್ಲಿ ಮಣ್ಣು ಮಾತ್ರ ಕಾಣುತ್ತದೆ. ಮೊಳಕೆಯ ಹಂತದಲ್ಲಿ ಜೋಳಕ್ಕೂ ಮೆಕ್ಕೆಜೋಳಕ್ಕೂ ಚಿತ್ರದಲ್ಲಿ ವ್ಯತ್ಯಾಸ ತಿಳಿಯುವುದು ಕಷ್ಟ. ಎಲೆಗಳ ರೂಪ ಸ್ಪಷ್ಟವಾದ ಮೇಲೆ, ಆದರೆ ಸಮೀಕ್ಷೆಯ ಅವಧಿ ಮುಗಿಯುವ ಮೊದಲು, ತೆಗೆದ ಚಿತ್ರವೇ ಉತ್ತಮ.

ಸ್ಮಾರ್ಟ್ ಫೋನ್ ಇಲ್ಲದವರು ಕುಟುಂಬದ ಸದಸ್ಯರ ಅಥವಾ ಗ್ರಾಮಕ್ಕೆ ನಿಯೋಜಿತರಾದ ಖಾಸಗಿ ನಿವಾಸಿಗಳ, ಅಂದರೆ ಪಿ.ಆರ್.ಗಳ, ನೆರವು ಪಡೆಯಬಹುದು. ರೈತರು ದಾಖಲಿಸದೆ ಉಳಿದ ತಾಕುಗಳನ್ನು ಪಿ.ಆರ್.ಗಳೇ ಸಮೀಕ್ಷೆ ಮಾಡುತ್ತಾರೆ. ಇದಕ್ಕಾಗಿ ರೈತರು ಯಾವುದೇ ಶುಲ್ಕ ಪಾವತಿಸಬೇಕಾಗಿಲ್ಲ. ಪಿ.ಆರ್. ಮೂಲಕ ಸಮೀಕ್ಷೆಯಾಗುವ ದಿನ ರೈತರು ಹೊಲದಲ್ಲಿ ಹಾಜರಿರುವುದು ಒಳ್ಳೆಯದು. ಯಾವ ಮೂಲೆಯಲ್ಲಿ ಏನು ಬಿತ್ತಿದೆ ಎಂಬುದು ಬಿತ್ತಿದವರಿಗೆ ತಿಳಿದಷ್ಟು ಇತರರಿಗೆ ತಿಳಿಯದು.

ವಿಸ್ತೀರ್ಣ ಮತ್ತು ನೀರಿನ ಮೂಲ

ವಿಸ್ತೀರ್ಣವನ್ನು ಎಕರೆ ಮತ್ತು ಗುಂಟೆಗಳಲ್ಲಿ ನಮೂದಿಸಬೇಕು. ಒಂದು ಎಕರೆಗೆ 40 ಗುಂಟೆ. ಎರಡೂವರೆ ಎಕರೆ ಎಂದರೆ 2 ಎಕರೆ 20 ಗುಂಟೆ. ಅದನ್ನು 2 ಎಕರೆ 50 ಗುಂಟೆ ಎಂದು ಬರೆಯುವ ತಪ್ಪು ದಶಮಾಂಶ ಪದ್ಧತಿಯಲ್ಲಿ ಓದಿದ ಯುವಕರಿಂದಲೇ ಹೆಚ್ಚು ಆಗುತ್ತದೆ, ಹಿರಿಯರಿಂದಲ್ಲ. ಪಹಣಿಯಲ್ಲಿ ಖರಾಬು ಇದ್ದಲ್ಲಿ ಅದನ್ನು ಕಳೆದು ಉಳಿದ ವಿಸ್ತೀರ್ಣವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದೇ ತಾಕಿನಲ್ಲಿ ಕೃಷಿ ಹೊಂಡ, ಕಣ, ದನದ ಕೊಟ್ಟಿಗೆ ಅಥವಾ ಬೀಳು ಬಿಟ್ಟ ಭಾಗವಿದ್ದಲ್ಲಿ ಅದನ್ನು ಬೆಳೆಗೆ ಸೇರಿಸದೆ ಪ್ರತ್ಯೇಕವಾಗಿ ತೋರಿಸಬೇಕು.

ನೀರಿನ ಮೂಲವನ್ನು ಆಯ್ಕೆ ಮಾಡುವಾಗ ಆ ಹಂಗಾಮಿನಲ್ಲಿ ಆ ಬೆಳೆಗೆ ವಾಸ್ತವವಾಗಿ ಹಾಯಿಸಿದ ನೀರನ್ನು ನಮೂದಿಸಬೇಕು. ಕೊಳವೆ ಬಾವಿ ಇದ್ದು ಅದು ಬತ್ತಿಹೋಗಿ ರಾಗಿಯನ್ನು ಮಳೆಯ ಆಸರೆಯಲ್ಲಿಯೇ ಬೆಳೆದಿದ್ದರೆ ಅದು ಮಳೆಯಾಶ್ರಿತ ಬೆಳೆಯೇ ಸರಿ. ಹೆಚ್ಚಿನ ಪರಿಹಾರದ ನಿರೀಕ್ಷೆಯಿಂದ ನೀರಾವರಿ ಎಂದು ತೋರಿಸಿದಲ್ಲಿ ಪರಿಶೀಲನೆಯ ಹಂತದಲ್ಲಿ ನಮೂದು ಪ್ರಶ್ನಾರ್ಹವಾಗಿ ನೈಜವಾಗಿ ದೊರೆಯಬೇಕಾದದ್ದೂ ತಡವಾಗುತ್ತದೆ.

ಮಿಶ್ರ ಬೆಳೆ ಮತ್ತು ಅಕ್ಕಡಿ ಸಾಲು

ಸಮೀಕ್ಷೆಯಲ್ಲಿ ಅತಿ ಹೆಚ್ಚು ಗೊಂದಲ ಉಂಟಾಗುವುದು ಈ ವಿಷಯದಲ್ಲಿ. ಹಳೆ ಮೈಸೂರು ಭಾಗದ ಒಂದು ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಲಸಂದೆ ಇವುಗಳ ಪೈಕಿ ಎರಡು ಮೂರು ಬೆಳೆ ಅಕ್ಕಡಿ ಸಾಲಿನಲ್ಲಿರುವುದು ವಾಡಿಕೆ. ರೈತರನ್ನು ಕೇಳಿದರೆ 'ರಾಗಿ ಹೊಲ' ಎಂದೇ ಹೇಳುತ್ತಾರೆ. ಮಾತಿಗೆ ಅದು ಸರಿ. ಆದರೆ ಇಡೀ ತಾಕನ್ನು ಏಕ ಬೆಳೆಯಾಗಿ ರಾಗಿ ಎಂದು ದಾಖಲಿಸಿದರೆ ತೊಗರಿಗೆ ವಿಮೆ ಮಾಡಿಸಿದ್ದರೂ, ಬೆಂಬಲ ಬೆಲೆಯಲ್ಲಿ ತೊಗರಿ ಮಾರಲು ಹೋದರೂ, ಆ ಸರ್ವೆ ನಂಬರಿನಲ್ಲಿ ತೊಗರಿಯೇ ಇಲ್ಲವೆಂಬ ಉತ್ತರ ಬರುತ್ತದೆ.

ಇಂತಹ ತಾಕಿಗೆ ಮಿಶ್ರ ಬೆಳೆ ಎಂಬುದನ್ನು ಆಯ್ಕೆ ಮಾಡಿ ಪ್ರತಿ ಬೆಳೆಯನ್ನೂ ಹೆಸರಿಸಬೇಕು. ವಿಸ್ತೀರ್ಣವನ್ನು ಸಾಲುಗಳ ಅನುಪಾತದಿಂದ ಅಂದಾಜಿಸಬಹುದು. ಉದಾಹರಣೆಗೆ 2 ಎಕರೆಯ ತಾಕಿನಲ್ಲಿ ಪ್ರತಿ 8 ಸಾಲು ರಾಗಿಗೆ 2 ಸಾಲು ತೊಗರಿ ಇದ್ದರೆ, ಒಟ್ಟು 80 ಗುಂಟೆಯಲ್ಲಿ ರಾಗಿಯ ಪಾಲು 64 ಗುಂಟೆ, ಅಂದರೆ 1 ಎಕರೆ 24 ಗುಂಟೆ. ತೊಗರಿಯ ಪಾಲು 16 ಗುಂಟೆ. ಎರಡರ ಮೊತ್ತ ತಾಕಿನ ವಿಸ್ತೀರ್ಣವನ್ನು ಮೀರಬಾರದು. ಬದುವಿನ ಮೇಲೆ ಅಲ್ಲಲ್ಲಿ ಹಾಕಿದ ನಾಲ್ಕು ಔಡಲ ಗಿಡ ಅಥವಾ ಮನೆಬಳಕೆಗೆ ಚೆಲ್ಲಿದ ಹಿಡಿ ಅಲಸಂದೆಯನ್ನು ಗುಂಟೆ ಲೆಕ್ಕದಲ್ಲಿ ತೋರಿಸುವ ಅಗತ್ಯ ಕಾಣುವುದಿಲ್ಲ. ಮಾರಾಟಕ್ಕೋ ವಿಮೆಗೋ ಪರಿಹಾರಕ್ಕೋ ಸಂಬಂಧಿಸಿದ ಯಾವ ಬೆಳೆಯೂ ಬಿಟ್ಟುಹೋಗದಂತೆ ಮಾತ್ರ ನೋಡಿಕೊಳ್ಳಬೇಕು.

ತೋಟಗಳಲ್ಲಿ ಪರಿಸ್ಥಿತಿ ಸ್ವಲ್ಪ ಭಿನ್ನ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸು, ನಡುವೆ ಬಾಳೆ ಅಥವಾ ಏಲಕ್ಕಿ ಇವು ಒಂದೇ ನೆಲದ ಮೇಲೆ ಬೇರೆ ಬೇರೆ ಎತ್ತರದಲ್ಲಿ ಇರುವ ಬೆಳೆಗಳು. ಇಲ್ಲಿ ಸಾಲಿನ ಲೆಕ್ಕ ನಡೆಯದು. ಅಡಿಕೆ ಮತ್ತು ಕಾಳುಮೆಣಸು ಎರಡಕ್ಕೂ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುವವರು ಕಾಳುಮೆಣಸಿನ ಹೆಸರು ಸಮೀಕ್ಷೆಯಲ್ಲಿ ಬಂದಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬಳ್ಳಿ ಕಾಣುವಂತೆ ಮರದ ಸಮೀಪದಿಂದ ಒಂದು ಚಿತ್ರವಿರಲಿ.

ಬೀಳು ಬಿಟ್ಟ ಜಮೀನು ಮತ್ತು ಹಂಗಾಮಿನ ವ್ಯತ್ಯಾಸ

ವಿಜಯಪುರ ಮುಂತಾದ ಜಿಲ್ಲೆಗಳ ಕಪ್ಪು ಮಣ್ಣಿನ ಹೊಲಗಳಲ್ಲಿ ಮುಂಗಾರಿನಲ್ಲಿ ನೆಲವನ್ನು ಖಾಲಿ ಬಿಟ್ಟು ಹಿಂಗಾರಿಗೆ ಬಿಳಿಜೋಳ ಅಥವಾ ಕಡಲೆ ಬಿತ್ತುವ ಪದ್ಧತಿ ಇದೆ. ಅಂತಹ ಹೊಲವು ಮುಂಗಾರು ಸಮೀಕ್ಷೆಯಲ್ಲಿ ಬೀಳು ಎಂದು ದಾಖಲಾಗುವುದು ತಪ್ಪಲ್ಲ. ಆದರೆ ಹಿಂಗಾರಿನಲ್ಲಿ ಮತ್ತೊಮ್ಮೆ ದಾಖಲಿಸಲೇಬೇಕು. ಮುಂಗಾರಿನಲ್ಲಿ ಒಮ್ಮೆ ಮಾಡಿದ ಸಮೀಕ್ಷೆ ವರ್ಷವಿಡೀ ಸಾಕೆಂಬ ತಿಳಿವಳಿಕೆ ಸರಿಯಲ್ಲ. ಕಲಬುರಗಿಯ ತೊಗರಿ ಮುಂಗಾರಿನಲ್ಲಿ ಬಿತ್ತನೆಯಾಗಿ ಹಿಂಗಾರಿನಲ್ಲಿ ಕಟಾವಿಗೆ ಬರುವುದರಿಂದ ಅದು ಬಿತ್ತಿದ ಹಂಗಾಮಾದ ಮುಂಗಾರಿನಲ್ಲಿಯೇ ತಪ್ಪದೆ ದಾಖಲಾಗಬೇಕು.

ಮಾಡಿಸಿದ ವಿಮೆ ಒಂದು, ಬಿತ್ತಿದ ಬೆಳೆ ಇನ್ನೊಂದು

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯು 2016ರಿಂದ ಜಾರಿಯಲ್ಲಿದ್ದು, ರಾಜ್ಯದಲ್ಲಿ ಇದರ ನೋಂದಣಿ ಸಂರಕ್ಷಣೆ ತಂತ್ರಾಂಶದಲ್ಲಿ ನಡೆಯುತ್ತದೆ. ಆಹಾರ ಧಾನ್ಯ ಹಾಗೂ ಎಣ್ಣೆಕಾಳುಗಳಿಗೆ ರೈತರ ವಂತಿಗೆ ವಿಮಾ ಮೊತ್ತದ ಮೇಲೆ ಮುಂಗಾರಿನಲ್ಲಿ ಗರಿಷ್ಠ ಶೇ. 2, ಹಿಂಗಾರಿನಲ್ಲಿ ಶೇ. 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ ಶೇ. 5.

ಸಮಸ್ಯೆ ಇರುವುದು ದಿನಾಂಕಗಳಲ್ಲಿ. ವಿಮೆಯ ನೋಂದಣಿ ಹಂಗಾಮಿನ ಆರಂಭದಲ್ಲಿಯೇ ಶುರುವಾಗುತ್ತದೆ. ಸಮೀಕ್ಷೆ ನಡೆಯುವುದು ಬೆಳೆ ನಿಂತ ಮೇಲೆ. ಈ ನಡುವೆ ಮಳೆ ತಡವಾಗಿ, ಹೆಸರು ಅಥವಾ ಹತ್ತಿ ಬಿತ್ತಬೇಕೆಂದು ವಿಮೆ ಮಾಡಿಸಿದ ರೈತರು ಮೆಕ್ಕೆಜೋಳ ಬಿತ್ತುತ್ತಾರೆ. ಬೆಳೆ ಸಾಲ ಪಡೆದವರ ವಿಷಯದಲ್ಲಿ ಬ್ಯಾಂಕಿನ ಶಾಖೆಯು ಸಾಲದ ಅರ್ಜಿಯಲ್ಲಿರುವ ಬೆಳೆಗೇ ವಂತಿಗೆ ಕಡಿತ ಮಾಡಿರುತ್ತದೆ. ಅದು ಎಷ್ಟೋ ರೈತರಿಗೆ ಗೊತ್ತೇ ಇರುವುದಿಲ್ಲ. ಇಳುವರಿ ಕಡಿಮೆಯಾಗಿ ಕ್ಲೇಮು ಲೆಕ್ಕ ಹಾಕುವಾಗ ವಿಮೆಯಲ್ಲಿ ಹತ್ತಿ, ಸಮೀಕ್ಷೆಯಲ್ಲಿ ಮೆಕ್ಕೆಜೋಳ ಎಂದು ಬಂದರೆ ಅದನ್ನು ಬೆಳೆ ಹೊಂದಾಣಿಕೆಯಾಗದ ಪ್ರಕರಣವೆಂದು ಪರಿಗಣಿಸಲಾಗುತ್ತದೆ. ನೆರೆಹೊರೆಯವರಿಗೆಲ್ಲ ಹಣ ಬಂದು ತಮಗೆ ಮಾತ್ರ ಬರಲಿಲ್ಲವೆಂಬ ದೂರುಗಳ ಹಿಂದೆ ಅನೇಕ ವೇಳೆ ಇಂತಹ ವ್ಯತ್ಯಾಸವಿರುತ್ತದೆ.

ಆದ್ದರಿಂದ ಬಿತ್ತನೆಯ ನಿರ್ಧಾರ ಬದಲಾದಲ್ಲಿ ನೋಂದಣಿಯ ಅಂತಿಮ ದಿನಾಂಕಕ್ಕೆ ಮುನ್ನವೇ ಬ್ಯಾಂಕಿಗೆ ಅಥವಾ ನೋಂದಣಿ ಮಾಡಿದ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯತಕ್ಕದ್ದು. ಅಂತಿಮ ದಿನಾಂಕ ಮುಗಿದಿದ್ದರೆ ವಿಮೆಗೆ ಹೊಂದುವಂತೆ ಸಮೀಕ್ಷೆಯಲ್ಲಿ ಇಲ್ಲದ ಬೆಳೆಯನ್ನು ಬರೆಯುವ ಆಲೋಚನೆ ಕೆಲವರಿಗೆ ಬರಬಹುದು. ಛಾಯಾಚಿತ್ರವು ಅದನ್ನು ಹೊರಗೆಡಹುತ್ತದೆ. ಅಲ್ಲದೆ ಆ ಸುಳ್ಳು ನಮೂದಿನಿಂದ ನಿಜವಾಗಿ ಬೆಳೆದ ಮೆಕ್ಕೆಜೋಳಕ್ಕೆ ಇನ್‌ಪುಟ್ ಸಬ್ಸಿಡಿಯೂ ದೊರೆಯದೆ ಹೋಗುತ್ತದೆ.

ಆಲಿಕಲ್ಲು ಮಳೆ, ಜಲಾವೃತ, ಭೂಕುಸಿತ ಮುಂತಾದ ಸ್ಥಳೀಯ ವಿಕೋಪದಿಂದ ಹಾನಿಯಾದಾಗ 72 ಗಂಟೆಯೊಳಗೆ ವಿಮಾ ಸಂಸ್ಥೆಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸಬೇಕು. ಆ ದೂರಿನಲ್ಲಿಯೂ ಸರ್ವೆ ನಂಬರು ಮತ್ತು ಬೆಳೆಯ ಹೆಸರನ್ನು ನೋಂದಣಿಯಲ್ಲಿರುವಂತೆಯೇ ತಿಳಿಸಬೇಕು.

ಪರಿಶೀಲನೆ ಮತ್ತು ಆಕ್ಷೇಪಣೆ

ಅಪ್‌ಲೋಡ್ ಆದ ವಿವರವನ್ನು ಮೇಲ್ವಿಚಾರಕರು ಛಾಯಾಚಿತ್ರದೊಂದಿಗೆ ತಾಳೆ ನೋಡಿ ಅನುಮೋದಿಸುತ್ತಾರೆ. ಅನುಮೋದನೆಯಾದ ವಿವರವನ್ನು ರೈತರು 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ಸರ್ವೆ ನಂಬರುವಾರು ನೋಡಬಹುದು. ವ್ಯತ್ಯಾಸ ಕಂಡುಬಂದಲ್ಲಿ ನಿಗದಿತ ಅವಧಿಯೊಳಗೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಆಕ್ಷೇಪಣೆ ಬಂದ ತಾಕನ್ನು ಪುನಃ ಪರಿಶೀಲಿಸಲಾಗುತ್ತದೆ.

ಇಡೀ ಪ್ರಕ್ರಿಯೆಯಲ್ಲಿ ರೈತರು ಅತಿ ಕಡಿಮೆ ಬಳಸುತ್ತಿರುವ ಹಂತ ಇದು, ಆದರೆ ಅತಿ ಹೆಚ್ಚು ಬೆಲೆಯುಳ್ಳದ್ದೂ ಇದೇ. ಬೆಳೆ ಹೊಲದಲ್ಲಿ ಇರುವಾಗ ಸಲ್ಲಿಸಿದ ಆಕ್ಷೇಪಣೆಗೆ ಹೊಲವೇ ಸಾಕ್ಷಿ. ಪರಿಶೀಲನೆಗೆ ಬಂದವರು ಬೆಳೆಯನ್ನು ನೋಡಿ ತಿದ್ದಬಹುದು. ಕಟಾವಿನ ನಂತರ ಬಂದ ಮನವಿಗೆ ಕಾಗದಪತ್ರಗಳೇ ಆಧಾರವಾಗುತ್ತವೆ. ಅವು ದುರ್ಬಲ ಆಧಾರಗಳು. ಆದರೂ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜ ಖರೀದಿಸಿದ ರಶೀದಿ, ದಿನಾಂಕ ಸಹಿತ ಛಾಯಾಚಿತ್ರ ಮತ್ತು ಎ.ಪಿ.ಎಂ.ಸಿ. ಮಾರಾಟದ ಚೀಟಿಯನ್ನು ಹಂಗಾಮು ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳುವುದು ಕ್ಷೇಮ. ಪಿ.ಆರ್. ಮೂಲಕ ಸಮೀಕ್ಷೆಯಾದ ತಾಕುಗಳ ಮಾಲೀಕರು ಬೆಳೆ ದರ್ಶಕ್‌ನಲ್ಲಿ ಒಮ್ಮೆಯಾದರೂ ನೋಡತಕ್ಕದ್ದು.

ಎಫ್.ಐ.ಡಿ., ಜಂಟಿ ಖಾತೆ ಮತ್ತು ಪೌತಿ ಪ್ರಕರಣಗಳು

ಬೆಳೆಯ ನಮೂದು ಸರಿಯಿದ್ದರೂ ಆ ಸರ್ವೆ ನಂಬರು ರೈತರ ಎಫ್.ಐ.ಡಿ.ಗೆ ಸೇರ್ಪಡೆಯಾಗಿರದಿದ್ದರೆ ಸೌಲಭ್ಯ ದೊರೆಯುವುದಿಲ್ಲ. ಮೂರು ಕಡೆ ಜಮೀನು ಹೊಂದಿದವರು ಒಂದನ್ನು ಮಾತ್ರ ಸೇರಿಸಿ ಉಳಿದವುಗಳನ್ನು ಬಿಟ್ಟಿರುವುದು ಕಂಡುಬರುತ್ತದೆ. ಆಧಾರ್, ಎಲ್ಲಾ ಪಹಣಿಗಳು ಮತ್ತು ಬ್ಯಾಂಕ್ ಪಾಸ್ ಪುಸ್ತಕದೊಂದಿಗೆ ರೈತ ಸಂಪರ್ಕ ಕೇಂದ್ರಕ್ಕೆ ತೆರಳಿ ಇದನ್ನು ಸರಿಪಡಿಸಿಕೊಳ್ಳಬಹುದು.

ಜಂಟಿ ಖಾತೆಯ ಪಹಣಿಯಲ್ಲಿ ಅಣ್ಣತಮ್ಮಂದಿರು ತಮ್ಮ ತಮ್ಮ ಭಾಗದಲ್ಲಿ ಬೇರೆ ಬೇರೆ ಬೆಳೆ ಇಟ್ಟಿದ್ದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಅವರವರ ಬೆಳೆ ಹಾಗೂ ವಿಸ್ತೀರ್ಣ ಬರುವಂತೆ ನೋಡಿಕೊಳ್ಳಬೇಕು. ಒಬ್ಬರೇ ಇಡೀ ಸರ್ವೆ ನಂಬರಿಗೆ ತಮ್ಮ ಬೆಳೆಯನ್ನು ದಾಖಲಿಸಿದರೆ ಇತರರ ಬೆಳೆ ಅಳಿಸಿಹೋದಂತೆಯೇ. ಪೋಡಿ ಮಾಡಿಸಿಕೊಂಡು ಪ್ರತ್ಯೇಕ ಹಿಸ್ಸಾ ಪಡೆಯುವುದು ಇದಕ್ಕೆ ಶಾಶ್ವತ ಪರಿಹಾರ.

ಮೃತಪಟ್ಟ ವ್ಯಕ್ತಿಯ ಹೆಸರಿನಲ್ಲಿಯೇ ಪಹಣಿ ಮುಂದುವರಿದಿರುವ ಕುಟುಂಬಗಳ ಸ್ಥಿತಿ ಹೆಚ್ಚು ಕಠಿಣ. ಗಂಡನ ಮರಣದ ನಂತರ ಹೊಲವನ್ನು ತಾನೇ ಉತ್ತು ಬಿತ್ತುತ್ತಿರುವ ಮಹಿಳೆಯು ಬೆಳೆಯನ್ನು ಎಷ್ಟೇ ಸರಿಯಾಗಿ ದಾಖಲಿಸಿದರೂ ಪಹಣಿಯಲ್ಲಿ ಆಕೆಯ ಹೆಸರಿಲ್ಲದ ಕಾರಣ ಆ ಸರ್ವೆ ನಂಬರು ಆಕೆಯ ಎಫ್.ಐ.ಡಿ.ಗೆ ಸೇರುವುದಿಲ್ಲ, ಹಣವೂ ಜಮೆಯಾಗುವುದಿಲ್ಲ. ಮರಣ ಪ್ರಮಾಣ ಪತ್ರ ಮತ್ತು ವಂಶವೃಕ್ಷದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಸಲ್ಲಿಸುವುದನ್ನು ಇಂತಹವರು ಮುಂದಿನ ಹಂಗಾಮಿಗೆ ಮುಂದೂಡಬಾರದು. ಬಂಧುಗಳೂ ಗ್ರಾಮ ಆಡಳಿತ ಅಧಿಕಾರಿಗಳೂ ಈ ವಿಷಯದಲ್ಲಿ ಅವರಿಗೆ ನೆರವಾಗುವುದು ಅವಶ್ಯ.

ಬೆಳೆ ಸಮೀಕ್ಷೆಯ ನಮೂದು ಜಮೀನಿನ ಮೇಲೆ ಯಾರಿಗೂ ಹೊಸದಾಗಿ ಹಕ್ಕನ್ನು ನೀಡುವುದಿಲ್ಲ, ಇರುವ ಹಕ್ಕನ್ನು ಕಸಿಯುವುದೂ ಇಲ್ಲ. ನೆರೆಯವರ ಮೊಬೈಲ್‌ನಿಂದ ಸಮೀಕ್ಷೆ ಮಾಡಿಸಿದರೆ ಜಮೀನು ಅವರ ಹೆಸರಿಗೆ ಹೋಗುವುದೆಂಬ ಆತಂಕಕ್ಕೆ ಆಧಾರವಿಲ್ಲ.

ಆ್ಯಪ್‌ನಲ್ಲಿ ಸರ್ವೆ ನಂಬರು ಕಾಣದಿದ್ದಲ್ಲಿ, ಹೊಲದಲ್ಲಿ ನಿಂತಿದ್ದರೂ ಹೊರಗಿರುವಂತೆ ತೋರಿಸಿದಲ್ಲಿ ಅಥವಾ ನಕ್ಷೆಯ ಗಡಿ ಸ್ಥಳದಲ್ಲಿನ ಬದುವಿಗೆ ಹೊಂದದಿದ್ದಲ್ಲಿ ಸಮೀಕ್ಷೆಯ ಅವಧಿಯೊಳಗೆ ಗ್ರಾಮ ಆಡಳಿತ ಅಧಿಕಾರಿಯವರ ಗಮನಕ್ಕೆ ತರುವುದು. ಬೆಳೆಯ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದಲ್ಲಿ ಹತ್ತಿರದ ಹೆಸರನ್ನು ಆಯ್ಕೆ ಮಾಡದೆ ಹೊಲದ ಬೆಳೆಗಳಿಗೆ ರೈತ ಸಂಪರ್ಕ ಕೇಂದ್ರವನ್ನು, ತೋಟದ ಬೆಳೆಗಳಿಗೆ ತಾಲ್ಲೂಕು ತೋಟಗಾರಿಕೆ ಕಚೇರಿಯನ್ನು, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸುವುದು. ಲಿಖಿತ ಮನವಿ ಸಲ್ಲಿಸುವಾಗ ಗ್ರಾಮ, ಸರ್ವೆ ನಂಬರು, ಹಿಸ್ಸಾ, ಎಫ್.ಐ.ಡಿ. ಮತ್ತು ಹಂಗಾಮನ್ನು ತಪ್ಪದೆ ನಮೂದಿಸಿ, ದಿನಾಂಕ ಸಹಿತ ಸ್ವೀಕೃತಿ ಪಡೆದುಕೊಳ್ಳತಕ್ಕದ್ದು.